ಆಲೂರು ವೆಂಕಟರಾಯರೂ ಅವರ ಜೀವನ ಸ್ಮೃತಿಗಳೂ

ತನ್ನ ಬಾಳನ್ನು ತಾನೇ ಬರೆದಿಡುವ ರೂಢಿ ನಮ್ಮ ಪ್ರಾಚೀನ ಕವಿಗಳಲ್ಲಿ ವಿರಳ. ವಂಶವನ್ನೂ ಗುರುವನ್ನೂ ಆಶ್ರಯದಾತನನ್ನೂ ಕೆಲವು ಪದ್ಯಗಳಲ್ಲಿ ಸ್ಮರಿಸಿ ಅವರು ಕಾವ್ಯದ ಹಿಂದೆ ಮರೆಯಾಗುತ್ತಿದ್ದರು. ಆತ್ಮಚರಿತ್ರೆಯೆಂಬ ಪ್ರಕಾರವು ಕನ್ನಡದಲ್ಲಿ ಬೇರೂರಿದುದು ಇಪ್ಪತ್ತನೆಯ ಶತಮಾನದಲ್ಲಿ. ಆ ಸಾಲಿನ ಮೊದಲ ಘಟ್ಟದ ಕೃತಿಗಳಲ್ಲಿ 1941ರಲ್ಲಿ ಪ್ರಕಟವಾದ ಆಲೂರು ವೆಂಕಟರಾಯರ ‘ನನ್ನ ಜೀವನ ಸ್ಮೃತಿಗಳು’ ಗಣ್ಯವಾದುದು. ಗೆದ್ದವರು ತಮ್ಮ ಗೆಲವಿನ ಕಥೆಯನ್ನು ಹೇಳುವುದು ಸುಲಭ. ಹಿಡಿದ ಕಾರ್ಯವಿನ್ನೂ ಕೈಗೂಡದಿರುವಾಗ, ಅರುವತ್ತು ತುಂಬಿದ ಹಿರಿಯರೊಬ್ಬರು ತಮ್ಮ ದುಡಿಮೆಯ ಲೆಕ್ಕವನ್ನು ನಾಡಿನ ಮುಂದಿಟ್ಟರೆಂಬುದೇ ಆ ಗ್ರಂಥದ ವೈಶಿಷ್ಟ್ಯ.

ವೆಂಕಟರಾಯರು 1880ನೆಯ ಇಸವಿ ಜುಲೈ 12ರಂದು ವಿಜಾಪುರದಲ್ಲಿ ಜನಿಸಿದರು. ವಚನ ಪಿತಾಮಹರೆನಿಸಿದ ಫ. ಗು. ಹಳಕಟ್ಟಿಯವರು ಧಾರವಾಡದಲ್ಲಿ ಹುಟ್ಟಿದುದು ಅದಕ್ಕೆ ಹತ್ತೇ ದಿನಗಳ ಮೊದಲು. ಧಾರವಾಡದಲ್ಲಿ ಹುಟ್ಟಿದವರು ವಿಜಾಪುರವನ್ನೂ, ವಿಜಾಪುರದಲ್ಲಿ ಹುಟ್ಟಿದವರು ಧಾರವಾಡವನ್ನೂ ಕರ್ಮಭೂಮಿಯಾಗಿ ಮಾಡಿಕೊಂಡರು. ಇಬ್ಬರೂ ವಕೀಲರು, ಇಬ್ಬರಿಗೂ ವಕೀಲಿಗಿಂತ ನಾಡುನುಡಿಯ ಕಾರ್ಯವೇ ಹೆಚ್ಚೆನಿಸಿತು, ಇಬ್ಬರೂ 1964ರಲ್ಲಿಯೇ ಕಾಲವಾದರು.

ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದುವಾಗ ವೆಂಕಟರಾಯರ ಮೇಲೆ ಲೋಕಮಾನ್ಯ ತಿಲಕರ ಪ್ರಭಾವ ಗಾಢವಾಗಿ ಬಿದ್ದಿತು. ಮುಂದೆ ತಿಲಕರ ‘ಗೀತಾರಹಸ್ಯ’ವನ್ನು ಕನ್ನಡಕ್ಕೆ ತಂದವರೂ ಅವರೇ. ಆದರೆ ಪುಣೆಯು ಅವರಿಗೆ ಇನ್ನೊಂದು ಪಾಠವನ್ನೂ ಕಲಿಸಿತು. ಮರಾಠಿಗರಿಗೆ ತಮ್ಮ ಇತಿಹಾಸದ ಬಗೆಗಿದ್ದ ಅಭಿಮಾನವು ಕನ್ನಡಿಗರಲ್ಲಿ ಕಾಣದಿದ್ದುದು ಅವರನ್ನು ಚುಚ್ಚಿತು. 1905ರಲ್ಲಿ ಹಂಪೆಯ ಅವಶೇಷಗಳನ್ನು ಕಂಡ ಮೇಲೆ ಆ ನೋವು ಸಂಕಲ್ಪವಾಗಿ ಮಾರ್ಪಟ್ಟಿತು. ಅಲ್ಲಿಂದ ಮುಂದೆ ಶಾಸನಗಳನ್ನೂ ಗ್ರಂಥಗಳನ್ನೂ ಶೋಧಿಸಿ, 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಹೊರತಂದರು. ‘ವಾಗ್ಭೂಷಣ’ದ ಸಂಪಾದಕತ್ವ, 1907ರಲ್ಲಿ ಧಾರವಾಡದಲ್ಲಿ ನಡೆದ ಗ್ರಂಥಕರ್ತರ ಸಮ್ಮೇಲನ, 1922ರಲ್ಲಿ ಆರಂಭವಾದ ‘ಜಯ ಕರ್ನಾಟಕ’ ಪತ್ರಿಕೆ, ಇವೆಲ್ಲ ಒಂದೇ ಸಂಕಲ್ಪದ ಕವಲುಗಳು. 1930ರಲ್ಲಿ ಮೈಸೂರಿನಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಲನವು ಅವರನ್ನು ಅಧ್ಯಕ್ಷ ಪೀಠದಲ್ಲಿ ಕುಳ್ಳಿರಿಸಿ ಗೌರವಿಸಿತು.

ಅಂದಿನ ನಾಡಿನ ಸ್ಥಿತಿಯನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ಕಾಳೀ ನದಿಯು ಕಡಲನ್ನು ಸೇರುವೆಡೆಯಲ್ಲಿ, ಸದಾಶಿವಗಡಕ್ಕೆ ಎದುರಾಗಿರುವ ನಮ್ಮ ಕೋಡಿಬಾಗದ ಪೂರ್ವಕಥೆಯೇ ಸಾಕು. ಒಂದಾಗಿದ್ದ ಕನ್ನಡ ಜಿಲ್ಲೆಯನ್ನು ಆಂಗ್ಲರು ಇಬ್ಭಾಗಮಾಡಿ, 1862ರಲ್ಲಿ ಉತ್ತರ ಭಾಗವನ್ನು ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಿದರು. ಕಾರವಾರವು ಮುಂಬಯಿಯತ್ತ ಮುಖಮಾಡಿ ನಿಂತಿತು. ಮಂಗಳೂರು ಮದರಾಸಿನ ಆಳ್ವಿಕೆಯಲ್ಲಿಯೇ ಉಳಿಯಿತು. ಒಂದೇ ಕರಾವಳಿಯ ಒಡಹುಟ್ಟಿದವರು ಬೇರೆ ಬೇರೆ ಮನೆಯ ಆಳುಗಳಾದರು. ಘಟ್ಟದ ಮೇಲಿನ ಸೀಮೆಯೂ ಹಾಗೆಯೇ ಮೈಸೂರು, ಹೈದರಾಬಾದು, ಕೊಡಗು ಮತ್ತು ಹಲವು ಸಣ್ಣ ಸಂಸ್ಥಾನಗಳಲ್ಲಿ ಹಂಚಿಹೋಗಿದ್ದಿತು.

ಈ ಹಂಚಿಕೆಯನ್ನು ಅಳಿಸಬೇಕೆಂದವರಿಗೆ ಎದುರಾದ ಆಕ್ಷೇಪವೂ ಲಘುವಾದುದಲ್ಲ. ದೇಶವೆಲ್ಲ ಸ್ವಾತಂತ್ರ್ಯಕ್ಕಾಗಿ ಹೋರಾಡುವಾಗ ಪ್ರಾಂತದ ಮಾತೇಕೆ ಎಂಬ ಪ್ರಶ್ನೆ ಪದೇಪದೇ ಏಳುತ್ತಿದ್ದಿತು. 1930ರ ಏಪ್ರಿಲಿನಲ್ಲಿ ಅಂಕೋಲೆಯ ಕಡಲತಡಿಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಮುಂದೆ ಕರನಿರಾಕರಣೆಯಲ್ಲಿ ಈ ಸೀಮೆಯ ರೈತರು ಹೊಲಮನೆಗಳನ್ನೇ ಕಳೆದುಕೊಂಡರು. ಅಂತಹ ತ್ಯಾಗದ ನಡುವೆ ಏಕೀಕರಣದ ಹಂಬಲವು ಸಂಕುಚಿತವೆಂದು ಕೆಲವರಿಗೆ ತೋರಿದ್ದರೆ ಆಶ್ಚರ್ಯವಿಲ್ಲ. ವೆಂಕಟರಾಯರ ಉತ್ತರವೆಂದರೆ ಅವರು ಪ್ರತಿಪಾದಿಸಿದ ಕರ್ನಾಟಕತ್ವ. ಕರ್ನಾಟಕದ ಮೂಲಕವೇ ಕನ್ನಡಿಗನು ಭಾರತವನ್ನು ಸೇರಬೇಕು. ತನ್ನನ್ನು ತಾನರಿಯದವನು ದೇಶಕ್ಕೆ ಏನನ್ನು ಕೊಟ್ಟಾನು ಎಂಬುದು ಅದರ ಸಾರ. 1920ರಲ್ಲಿ ನಾಗಪುರದ ಅಧಿವೇಶನದಿಂದಾಗಿ ಕಾಂಗ್ರೆಸ್ಸು ಕರ್ನಾಟಕವನ್ನು ತನ್ನದೊಂದು ಪ್ರಾಂತವಾಗಿ ಅಂಗೀಕರಿಸಿತು. 1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಅಧಿವೇಶನದ ಸಂದರ್ಭದಲ್ಲಿಯೇ ಏಕೀಕರಣ ಪರಿಷತ್ತೂ ನೆರೆಯಿತು. ಇಷ್ಟಾದರೂ 1941ರ ವೇಳೆಗೆ ನಕಾಶೆಯ ಗೆರೆಗಳು ಅಲ್ಲಾಡಿರಲಿಲ್ಲ.

‘ನನ್ನ ಜೀವನ ಸ್ಮೃತಿಗಳು’ ಹೊರಬಂದುದು ಇಂತಹ ಸಮಯದಲ್ಲಿ. ಅದನ್ನು ಓದಬೇಕಾದ ಕನ್ನಡಿಗರೇ ಬೇರೆ ಬೇರೆ ಆಡಳಿತಗಳಲ್ಲಿ ಚದುರಿದ್ದರು. ಮಹಾಯುದ್ಧವು ನಡೆದಿದ್ದಿತು, ಮರುವರ್ಷವೇ ಚಲೇಜಾವ್ ಚಳವಳಿಯು ದೇಶವನ್ನು ಆವರಿಸಿತು. ನಾಡಿನ ಕಥೆಯಿಂದ ಬೇರ್ಪಡಿಸಿ ನೋಡಬಹುದಾದ ಸ್ವಂತ ಕಥೆ ಗ್ರಂಥಕರ್ತರಿಗೆ ಹೆಚ್ಚಾಗಿ ಉಳಿದಿರಲಿಲ್ಲವಾದ್ದರಿಂದ, ಆತ್ಮಕಥೆಯು ತಾನಾಗಿಯೇ ಚಳವಳಿಯ ಕಥೆಯಾಯಿತು.

ಆ ಪುಟಗಳ ಅರ್ಥವನ್ನು ಕಾಲವು ಬದಲಿಸಿತು. 1953ರಲ್ಲಿ ಆಂಧ್ರ ರಾಜ್ಯವು ಉದಯಿಸಿತು. ಫಜಲ್ ಅಲಿಯವರ ಆಯೋಗವು 1955ರಲ್ಲಿ ವರದಿಯನ್ನಿತ್ತಿತು. 1956ನೆಯ ನವೆಂಬರ್ 1ರಂದು ಕನ್ನಡನಾಡು ಒಂದುಗೂಡಿತು. ವೃದ್ಧರಾದ ವೆಂಕಟರಾಯರು ಹಂಪೆಯಲ್ಲಿ ಭುವನೇಶ್ವರಿಗೆ ಪೂಜೆ ಸಲ್ಲಿಸಿದರು. ಐವತ್ತು ವರ್ಷಗಳ ಹಿಂದೆ ಕಣ್ಣೀರು ತರಿಸಿದ ನೆಲದಲ್ಲಿಯೇ ಅವರ ವ್ರತವು ಫಲಿಸಿತು. ಹದಿನೈದು ವರ್ಷಗಳ ಹಿಂದೆ ಹಂಬಲದ ದಾಖಲೆಯಾಗಿದ್ದ ಗ್ರಂಥವು ಅಂದಿನಿಂದ ಇತಿಹಾಸದ ಆಕರವಾಯಿತು. ಅವರು ಕನ್ನಡ ಕುಲಪುರೋಹಿತರೆಂದು ನಾಡಿಗೆ ನಾಡೇ ಗೌರವಿಸಿತು.

ಮನ್ನಣೆಯೊಡನೆ ವಿಮರ್ಶೆಯೂ ಬಂದಿದೆ. ವೆಂಕಟರಾಯರ ಕರ್ನಾಟಕ ಕಲ್ಪನೆಯಲ್ಲಿ ರಾಜರ ವೈಭವಕ್ಕೆ ದೊರೆತ ಸ್ಥಾನವು ಉಳುವವನಿಗೂ ದುಡಿಯುವವನಿಗೂ ದೊರೆತಿಲ್ಲವೆಂದು ಈಚಿನ ವಿದ್ವಾಂಸರು ಹೇಳಿದ್ದಾರೆ. ಸ್ಮೃತಿಯೆಂಬುದು ಒಬ್ಬನ ಸಾಕ್ಷ್ಯವಾದ್ದರಿಂದ, ಧಾರವಾಡದಿಂದ ಕಂಡ ನಾಡಿಗೂ ಕಾರವಾರದಿಂದಲೋ ಕಲಬುರ್ಗಿಯಿಂದಲೋ ಕಂಡ ನಾಡಿಗೂ ಅಂತರವಿರುವುದು ಸಹಜ. ಆತ್ಮಕಥನವನ್ನು ಇತರ ದಾಖಲೆಗಳ ಜೊತೆಗಿಟ್ಟು ಓದುವುದೇ ನ್ಯಾಯ. ಆದರೆ ಆ ಸಾಕ್ಷ್ಯವೇ ಇಲ್ಲದಿದ್ದರೆ ಪರಿಶೀಲಿಸುವುದಕ್ಕಾದರೂ ಏನಿರುತ್ತಿತ್ತು?

1964ರ ಫೆಬ್ರವರಿ 25ರಂದು ವೆಂಕಟರಾಯರು ದಿವಂಗತರಾದಾಗ ರಾಜ್ಯದ ಹೆಸರು ಇನ್ನೂ ಮೈಸೂರು. ಕರ್ನಾಟಕವೆಂಬ ನಾಮಕರಣವಾದುದು 1973ರ ನವೆಂಬರ್ 1ರಂದು. ಕಾಸರಗೋಡು ಹೊರಗೇ ಉಳಿಯಿತು. ಕಾರವಾರಕ್ಕೂ ನೆರೆರಾಜ್ಯದ ಹಕ್ಕುದಾರಿಕೆ ಎದುರಾಗಿ, 1967ರ ಮಹಾಜನ ವರದಿಯು ಅದನ್ನು ಒಪ್ಪದೆ ಹೋಯಿತು. ಕೊಂಕಣಿ, ಮರಾಠಿ, ಕನ್ನಡಗಳು ಒಂದೇ ಪೇಟೆಯಲ್ಲಿ ಕೇಳಿಬರುವ ಈ ಗಡಿನಾಡಿನ ಶಾಲೆಗಳಿಗೆ ಆಲೂರರ ಬಾಳು ಹೇಳುವ ಮಾತೊಂದಿದೆ. ತನ್ನ ನುಡಿಯನ್ನು ಆಳವಾಗಿ ಪ್ರೀತಿಸಿದವನಿಗೆ ನೆರೆಯವನ ನುಡಿಪ್ರೀತಿಯೂ ಅರ್ಥವಾಗುತ್ತದೆ. ಮರಾಠಿಗರ ಅಭಿಮಾನವನ್ನು ಕಂಡು ಅವರು ದ್ವೇಷವನ್ನು ಕಲಿಯಲಿಲ್ಲ, ದುಡಿಮೆಯನ್ನು ಕಲಿತರು. ಫಲವನ್ನು ಕಾಣುವ ಮೊದಲೇ ಲೆಕ್ಕವನ್ನೊಪ್ಪಿಸುವ ಧೈರ್ಯ, ವಿದ್ಯಾದಾನಕ್ಕೆ ಕೈಯೊಡ್ಡುವ ಗುರುಗಳಿಗೂ ಕೈನೀಡುವ ದಾನಿಗಳಿಗೂ ಇಂದಿಗೂ ಆದರ್ಶ.