ಇನ್ನೊಬ್ಬ ಡಾಕ್ಟರಿಗೆ ತೋರಿಸಿದರೆ ತಪ್ಪೇ? ಫ್ರಾಯ್ಡ್ ಬಾಯಿಯ ಕತೆ

ಹಲ್ಲು ಕೀಳಿಸಿಕೊಂಡು ಮೂರು ವಾರ ಕಳೆದಿದೆ. ಗಾಯ ಮಾತ್ರ ಮಾಗಿಲ್ಲ. ಕೇಳಿದರೆ, ಸರಿಹೋಗುತ್ತದೆ ಬಿಡಿ ಎಂಬ ಉತ್ತರ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಇರುವುದು ಸುಮಾರು 20 ಕಿಲೋಮೀಟರ್. ಅಲ್ಲಿ ಮೆಗ್ಗಾನ್ ಆಸ್ಪತ್ರೆಯಿದೆ, ಶರಾವತಿ ದಂತವೈದ್ಯಕೀಯ ಕಾಲೇಜಿದೆ. ಆದರೂ ಬಸ್ಸು ಹತ್ತಲು ಮನಸ್ಸು ಹಿಂಜರಿಯುತ್ತದೆ. ಮೊದಲು ನೋಡಿದ ಡಾಕ್ಟರಿಗೆ ಗೊತ್ತಾದರೆ ಬೇಜಾರಾದೀತು, ಮತ್ತೆ ಅವರ ಮುಖ ನೋಡುವುದು ಹೇಗೆ ಎಂಬ ಸಂಕೋಚ.

ಈ ಸಂಕೋಚ ನಮ್ಮ ಊರಿನದು ಮಾತ್ರವಲ್ಲ. ಮನುಷ್ಯರ ಮನಸ್ಸನ್ನು ಓದುವುದರಲ್ಲಿ ಜಗತ್ಪ್ರಸಿದ್ಧರಾದ ಸಿಗ್ಮಂಡ್ ಫ್ರಾಯ್ಡ್ ಕೂಡ ಇದರಿಂದ ತಪ್ಪಿಸಿಕೊಳ್ಳಲಿಲ್ಲ. ಅವರ ಬದುಕಿನ ಕೊನೆಯ 16 ವರ್ಷಗಳ ಕತೆ ಬಹುಮಟ್ಟಿಗೆ ಅವರ ಬಾಯಿಯ ಕತೆಯೇ. ಇವತ್ತು ಅದನ್ನೇ ನೋಡೋಣ.

ಫ್ರಾಯ್ಡ್ ಹುಟ್ಟಿದ್ದು 1856ರ ಮೇ 6ರಂದು, ಈಗ ಚೆಕ್ ಗಣರಾಜ್ಯದಲ್ಲಿರುವ ಫ್ರೈಬರ್ಗ್ ಎಂಬ ಪುಟ್ಟ ಊರಿನಲ್ಲಿ. ತಂದೆ ಉಣ್ಣೆಯ ವ್ಯಾಪಾರಿ. ಮಗುವಿಗೆ ನಾಲ್ಕು ವರ್ಷವಾಗುವ ಹೊತ್ತಿಗೆ ಕುಟುಂಬ ವಿಯೆನ್ನಾ ಸೇರಿತು. ಅಲ್ಲಿನ ವಿಶ್ವವಿದ್ಯಾಲಯದಿಂದಲೇ 1881ರಲ್ಲಿ ಅವರಿಗೆ ವೈದ್ಯ ಪದವಿ ಸಿಕ್ಕಿತು.

1884ರಲ್ಲಿ ಅವರು ಕೊಕೇನ್ ಬಗ್ಗೆ ಒಂದು ಪ್ರಬಂಧ ಬರೆದರು. ಅದು ಚರ್ಮವನ್ನು, ಬಾಯಿಯ ಪೊರೆಯನ್ನು ಜೋಮು ಹಿಡಿಸುತ್ತದೆ ಎಂಬುದನ್ನು ಹಾಗೇ ಒಂದು ಕಡೆ ಪ್ರಸ್ತಾಪಿಸಿದ್ದರು. ಅವರ ಸಹೋದ್ಯೋಗಿ ಕಾರ್ಲ್ ಕೊಲ್ಲರ್ ಅದೇ ವರ್ಷ ಕಣ್ಣಿನ ಶಸ್ತ್ರಕ್ರಿಯೆಗೆ ಕೊಕೇನ್ ಬಳಸಿ ತೋರಿಸಿದರು. ಬೇಕಾದ ಭಾಗವನ್ನಷ್ಟೇ ಮರಗಟ್ಟಿಸುವ ಅರಿವಳಿಕೆ ಶುರುವಾದದ್ದು ಹೀಗೆ. ಇಂದು ಹಲ್ಲು ಕೀಳುವ ಮುನ್ನ ಚುಚ್ಚುವ ಇಂಜೆಕ್ಷನ್ನಿನಲ್ಲಿ ಕೊಕೇನ್ ಇಲ್ಲ, ಆದರೆ ಅದರ ಬೇರು ಆ ಪ್ರಯೋಗದಲ್ಲಿದೆ. ಕೊಲ್ಲರ್‌ಗೆ ಸಿಕ್ಕ ಕೀರ್ತಿ ತನ್ನ ಕೈತಪ್ಪಿತಲ್ಲ ಎಂಬ ಕೊರಗು ಫ್ರಾಯ್ಡ್‌ಗೆ ಬಹುಕಾಲ ಉಳಿಯಿತು. ಅವರಿಗೆ ಹೆಸರು ತಂದದ್ದು ಕನಸುಗಳ ಅರ್ಥ ಕುರಿತ ಪುಸ್ತಕ ಮತ್ತು ಮನೋವಿಶ್ಲೇಷಣೆ.

ಹೆಸರಿನ ಜೊತೆಗೆ ಚಟವೂ ಬೆಳೆಯಿತು. ದಿನಕ್ಕೆ ಸುಮಾರು 20 ಸಿಗಾರ್! ಹೃದಯದ ತೊಂದರೆ ಬಂದಾಗ ಬಿಡಲು ಹೇಳಿದವರಿದ್ದರು. ಸಿಗಾರ್ ಇಲ್ಲದೆ ಕೆಲಸ ಓಡುವುದಿಲ್ಲ ಎಂಬುದು ಅವರ ನಂಬಿಕೆಯಾಗಿತ್ತು.

1923ಕ್ಕೆ ಬರೋಣ. ಇತ್ತ ಭದ್ರಾವತಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಕೆಲಸ ಶುರುಮಾಡಿದ ವರ್ಷ ಅದು. ಅತ್ತ ವಿಯೆನ್ನಾದಲ್ಲಿ, ಫೆಬ್ರವರಿಯಲ್ಲಿ, 66 ವರ್ಷದ ಫ್ರಾಯ್ಡ್ ತಮ್ಮ ಬಾಯಿಯ ಬಲಭಾಗದಲ್ಲಿ, ಅಂಗುಳ ಮತ್ತು ದವಡೆಯ ಬಳಿ, ಒಂದು ಗಂಟನ್ನು ಗಮನಿಸಿದರು. ಸಿಗಾರ್ ಬಿಡಿ ಎನ್ನುತ್ತಾರೆಂಬ ಅಳುಕಿಗೋ ಏನೋ, ಎರಡು ತಿಂಗಳು ಸುಮ್ಮನಿದ್ದರು. ಏಪ್ರಿಲ್‌ನಲ್ಲಿ ಫೆಲಿಕ್ಸ್ ಡಾಯ್ಚ್ ಎಂಬ ವೈದ್ಯರಿಗೆ ತೋರಿಸಿದರು. ಡಾಯ್ಚ್‌ಗೆ ಅದು ಕ್ಯಾನ್ಸರ್ ಎಂದು ನೋಡಿದೊಡನೆ ತಿಳಿಯಿತು. ಸತ್ಯ ಹೇಳಿದರೆ ಏನು ಮಾಡಿಕೊಳ್ಳುತ್ತಾರೋ ಎಂದು ಹೆದರಿ, ಧೂಮಪಾನದಿಂದ ಬಂದ ಬಿಳಿ ಮಚ್ಚೆ ಅಷ್ಟೇ, ತೆಗೆಸಿಬಿಡಿ ಎಂದರು.

ಫ್ರಾಯ್ಡ್ ಮನೆಯವರಿಗೂ ಹೇಳದೆ ಮಾರ್ಕುಸ್ ಹಾಯೆಕ್ ಎಂಬ ಹೆಸರಾಂತ ಮೂಗು-ಗಂಟಲು ತಜ್ಞರ ಬಳಿ ಹೋದರು. ಸಣ್ಣ ಆಪರೇಷನ್, ಅದೇ ದಿನ ಮನೆಗೆ ಹೋಗಬಹುದು ಎಂಬ ಲೆಕ್ಕ. ಆದರೆ ರಕ್ತ ನಿಲ್ಲಲಿಲ್ಲ. ಆಸ್ಪತ್ರೆಯಿಂದ ಸುದ್ದಿ ಬಂದು ಹೆಂಡತಿ, ಮಗಳು ಓಡಿದರೆ, ಫ್ರಾಯ್ಡ್ ಕುರ್ಚಿಯೊಂದರ ಮೇಲೆ ರಕ್ತಸಿಕ್ತರಾಗಿ ಕೂತಿದ್ದರು. ಖಾಲಿ ಕೋಣೆ ಇರಲಿಲ್ಲ. ಬುದ್ಧಿಮಾಂದ್ಯತೆಯಿದ್ದ ಕುಳ್ಳ ರೋಗಿಯೊಬ್ಬನ ಜೊತೆ ಸಣ್ಣ ಕೋಣೆಯಲ್ಲಿ ಮಲಗಿಸಿದ್ದರು. ಮನೆಯವರನ್ನು ಮಧ್ಯಾಹ್ನ ಹೊರಗೆ ಕಳಿಸಿದ ಹೊತ್ತಿನಲ್ಲೇ ಮತ್ತೆ ರಕ್ತ ಸುರಿಯಿತು. ಕರೆಗಂಟೆ ಕೆಟ್ಟಿತ್ತು. ಓಡಿಹೋಗಿ ಸಹಾಯ ಕರೆತಂದು ಜೀವ ಉಳಿಸಿದ್ದು ಆ ಸಹರೋಗಿ. ಅಂದು ರಾತ್ರಿ ಮಗಳು ಅನ್ನಾ ತಂದೆಯ ಪಕ್ಕದಿಂದ ಕದಲಲಿಲ್ಲ.

ಗಾಯ ಮಾಗುವಾಗ ಬಾಯಿ ಬಿಗಿಯದಂತೆ ನೋಡಿಕೊಳ್ಳುವ ಎಚ್ಚರವನ್ನೂ ಯಾರೂ ವಹಿಸಲಿಲ್ಲ. ಬಾಯಿ ತೆರೆಯುವುದೇ ಕಷ್ಟವಾಯಿತು. ಎಕ್ಸ್-ರೇ, ರೇಡಿಯಂ ಚಿಕಿತ್ಸೆಗಳು ನೋವು ಹೆಚ್ಚಿಸಿದವು. ಕತ್ತರಿಸಿ ತೆಗೆದ ತುಣುಕಿನ ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ಖಚಿತವಾಗಿತ್ತು. ಆದರೆ ರೋಗಿಗೆ ಆ ವಿಷಯ ತಿಳಿಸಲಿಲ್ಲ. ಜೂನ್‌ನಲ್ಲಿ ಅವರ ಮುದ್ದಿನ ಮೊಮ್ಮಗ ಹೈನೆಲೆ ಕ್ಷಯದಿಂದ ತೀರಿಕೊಂಡ. ಸ್ವಂತ ನೋವಿಗಿಂತ ಆ ದುಃಖವೇ ಅವರನ್ನು ಹೆಚ್ಚು ಕುಗ್ಗಿಸಿತು.

ಹೀಗೆ ಐದಾರು ತಿಂಗಳು ಕೈಜಾರಿದವು. ಇಲ್ಲಿ ನಾವು ಗಮನಿಸಬೇಕಾದದ್ದು ಇದು: ಫ್ರಾಯ್ಡ್ ಸ್ವತಃ ವೈದ್ಯರು. ಆದರೆ ಕೈಯಲ್ಲಿ ವರದಿ ಇಲ್ಲದಿದ್ದಾಗ, ಕಾಯಿಲೆಯ ಹೆಸರೇ ಗೊತ್ತಿಲ್ಲದಾಗ, ವೈದ್ಯರಾದರೂ ಎರಡನೇ ಅಭಿಪ್ರಾಯ ಕೇಳಲು ದಾರಿ ಇರುವುದಿಲ್ಲ.

ದಾರಿ ತೆರೆದದ್ದು ಸೆಪ್ಟೆಂಬರ್‌ನಲ್ಲಿ, ಹಾನ್ಸ್ ಪಿಖ್ಲರ್ ಅವರ ಬಳಿ ಹೋದಾಗ. ಪಿಖ್ಲರ್ ವೈದ್ಯರೂ ಹೌದು, ದಂತವೈದ್ಯರೂ ಹೌದು. ಮೊದಲ ಮಹಾಯುದ್ಧದಲ್ಲಿ ದವಡೆ ಛಿದ್ರವಾದ ಸೈನಿಕರಿಗೆ ಚಿಕಿತ್ಸೆ ಮಾಡಿ ಪಳಗಿದ ಕೈ ಅವರದು. ಹಿಂದಿನವರ ಮಾತನ್ನು ನೆಚ್ಚದೆ ಅವರು ಬಾಯಿಯನ್ನು ತಾವೇ ಪರೀಕ್ಷಿಸಿದರು. ಅಕ್ಟೋಬರ್‌ನಲ್ಲಿ ಎರಡು ದೊಡ್ಡ ಆಪರೇಷನ್ ಮಾಡಿ ಬಲಗಡೆಯ ಮೇಲ್ದವಡೆಯ ಬಹುಭಾಗ, ಅಂಗುಳ ಮತ್ತು ಕೆಳದವಡೆಯ ಒಂದಿಷ್ಟನ್ನು ತೆಗೆದರು. ನವೆಂಬರ್‌ನಲ್ಲಿ ಅನುಮಾನದ ತುಣುಕು ಸಿಕ್ಕಾಗ ತಡಮಾಡದೆ ಮತ್ತೊಮ್ಮೆ ಕತ್ತರಿ ಹಿಡಿದರು. ಇವೆಲ್ಲ ನಡೆದದ್ದು ಆ ಭಾಗವನ್ನಷ್ಟೇ ಮರಗಟ್ಟಿಸಿ, ಅಂದರೆ ತರುಣ ಫ್ರಾಯ್ಡ್ ಪ್ರಬಂಧದ ಒಂದು ಮೂಲೆಯಲ್ಲಿ ಪ್ರಸ್ತಾಪಿಸಿದ್ದ ಆ ಗುಣದ ಮುಂದುವರಿದ ರೂಪದಿಂದಲೇ.

ಬಾಯಿಗೂ ಮೂಗಿಗೂ ನಡುವಿನ ಗೋಡೆ ಹೋಗಿತ್ತು. ಅದನ್ನು ಮುಚ್ಚಲು ದೊಡ್ಡ ಹಲ್ಲುಸೆಟ್ಟಿನಂಥ ಸಾಧನವೊಂದು ಬಂತು. ಅದು ಬಿಗಿಯಾದರೆ ಹುಣ್ಣು, ಸಡಿಲವಾದರೆ ಮಾತು ಗೊಗ್ಗರು. ಒಮ್ಮೆ ಅನ್ನಾ ಮತ್ತು ಫ್ರಾಯ್ಡ್ ಅರ್ಧ ಗಂಟೆ ಹೆಣಗಿದರೂ ಅದು ಕೂರದೆ ಪಿಖ್ಲರ್ ಅವರನ್ನೇ ಕರೆಸಬೇಕಾಯಿತು. ಬಲಗಿವಿ ಕೇಳದಾಯಿತು. ಆದರೂ ಅವರು ರೋಗಿಗಳನ್ನು ನೋಡಿದರು, ಪುಸ್ತಕ ಬರೆದರು. ಸಿಗಾರ್ ಮಾತ್ರ ಬಿಡಲಿಲ್ಲ. ಬಿಗಿದ ದವಡೆಯ ನಡುವೆ ಬಟ್ಟೆಯ ಕ್ಲಿಪ್ ಸಿಕ್ಕಿಸಿ ಸೇದಿದ್ದೂ ಉಂಟು.

ಇನ್ನೂ ಒಂದು ಪ್ರಸಂಗ ಮುಖ್ಯ. 1928ರ ಹೊತ್ತಿಗೆ ಆ ಸಾಧನದ ಕಾಟ ತಾಳಲಾಗಲಿಲ್ಲ. ಬರ್ಲಿನ್ನಿನ ತಜ್ಞ ಶ್ರೋಡರ್ ಅವರಿಗೆ ತೋರಿಸಿ ಎಂದು ಆಪ್ತರು ಹೇಳಿದರೂ ಫ್ರಾಯ್ಡ್ ಹಿಂಜರಿದರು. ಪಿಖ್ಲರ್ ಮನಸ್ಸಿಗೆ ನೋವಾದೀತು ಎಂಬುದೇ ಕಾರಣ, ನಮ್ಮ ಬಸ್‌ಸ್ಟ್ಯಾಂಡಿನ ಸಂಕೋಚವೇ! ಆದರೆ ಪಿಖ್ಲರ್ ಬೇಸರಪಡಲಿಲ್ಲ. ತನ್ನಿಂದ ಆಗುವುದೆಲ್ಲ ಮುಗಿದಿದೆ ಎಂದು ಒಪ್ಪಿಕೊಂಡು ಕಳಿಸಿಕೊಟ್ಟರು. ಬರ್ಲಿನ್ನಿನ ಸಾಧನ ಒಂದಿಷ್ಟು ನೆಮ್ಮದಿ ಕೊಟ್ಟಿತು. 1931ರಲ್ಲಿ ಹಾರ್ವರ್ಡ್‌ನ ಕಜಾಂಜಿಯನ್ 6,000 ಡಾಲರ್‌ಗೆ ಮಾಡಿಕೊಟ್ಟದ್ದು ಅಷ್ಟು ಹೊಂದಲಿಲ್ಲ. ಎರಡನೇ ಅಭಿಪ್ರಾಯ ಯಾವಾಗಲೂ ಮೊದಲನೆಯದಕ್ಕಿಂತ ಮೇಲು ಎಂದೇನಿಲ್ಲ. ದುಬಾರಿಯಾದದ್ದು ಉತ್ತಮ ಎಂದೂ ಇಲ್ಲ.

ಸತ್ಯ ಮುಚ್ಚಿಟ್ಟದ್ದನ್ನು ಫ್ರಾಯ್ಡ್ ಮರೆಯಲಿಲ್ಲ. 1929ರ ಸುಮಾರಿಗೆ ಮ್ಯಾಕ್ಸ್ ಶೂರ್ ಎಂಬ ತರುಣ ವೈದ್ಯರನ್ನು ಒಪ್ಪಿಕೊಳ್ಳುವಾಗ, ಏನಿದ್ದರೂ ನಿಜವನ್ನೇ ಹೇಳಬೇಕು ಎಂಬ ಷರತ್ತು ಹಾಕಿದರು. 1938ರಲ್ಲಿ ನಾಜಿಗಳ ಕೈಯಿಂದ ಪಾರಾಗಿ ಲಂಡನ್ ಸೇರಿದಾಗ ಪಿಖ್ಲರ್ ಅಲ್ಲಿಗೂ ಬಂದು ಆಪರೇಷನ್ ಮಾಡಿದರು. ಒಟ್ಟು 30ಕ್ಕೂ ಹೆಚ್ಚು ಶಸ್ತ್ರಕ್ರಿಯೆಗಳ ನಂತರ, 1939ರ ಸೆಪ್ಟೆಂಬರ್ 23ರಂದು ಫ್ರಾಯ್ಡ್ ತೀರಿಕೊಂಡರು.

ಇದರಿಂದ ನಮಗೇನು? ನಮ್ಮದು ಅಡಿಕೆಯ ಸೀಮೆ. ತಂಬಾಕಿಲ್ಲದೆ ಬರೀ ಅಡಿಕೆ ಜಗಿದರೆ ಏನೂ ಆಗುವುದಿಲ್ಲ ಎಂಬ ಮಾತು ಇಲ್ಲಿ ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ನೋವಿಲ್ಲದಿದ್ದರೆ ಅಪಾಯವಿಲ್ಲ ಎಂಬುದೂ ಸುಳ್ಳು. ಬಾಯಿ ಕ್ಯಾನ್ಸರ್ ಮೊದಮೊದಲು ನೋಯದೇ ಇರಬಹುದು.

ಹಲ್ಲು ಕಿತ್ತ ಜಾಗದ ಒಸಡು ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಮುಚ್ಚಿಕೊಳ್ಳುತ್ತದೆ. ಒಳಗಿನ ಮೂಳೆ ತುಂಬಲು ತಿಂಗಳುಗಳು ಬೇಕು. ಮಾಗದ ಪ್ರತಿ ಗಾಯವೂ ಕ್ಯಾನ್ಸರ್ ಅಲ್ಲ, ಡಾಕ್ಟರ ತಪ್ಪೂ ಅಲ್ಲ. ಸೋಂಕು, ಉಳಿದ ಬೇರಿನ ಚೂರು, ಸಕ್ಕರೆ ಕಾಯಿಲೆ ಯಾವುದೂ ಇರಬಹುದು. ಆದರೆ ಮೂರು ವಾರ ದಾಟಿದ ಹುಣ್ಣು, ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಕಾರಣವಿಲ್ಲದೆ ಅಲುಗಾಡುವ ಹಲ್ಲು, ಮೂರು ಬೆರಳು ಹಿಡಿಸದಷ್ಟು ಬಿಗಿದ ಬಾಯಿ ಇದ್ದರೆ ಕಾಯಬಾರದು. ಬಯಾಪ್ಸಿ ಬೇಕೇ ಎಂದು ಬಾಯಿಬಿಟ್ಟು ಕೇಳಬೇಕು.

ಎರಡನೇ ಅಭಿಪ್ರಾಯ ಪಡೆಯುವುದನ್ನೂ ದಾಖಲೆಗಳ ಪ್ರತಿ ಪಡೆಯುವುದನ್ನೂ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿಗಳ ಸನ್ನದು ಹಕ್ಕುಗಳೆಂದೇ ಗುರುತಿಸಿದೆ. ಹೊರಡುವ ಮುನ್ನ ಎಕ್ಸ್-ರೇ, ಚೀಟಿ, ಪರೀಕ್ಷಾ ವರದಿ ಕೇಳಿ ಪಡೆಯಿರಿ. ಹೊಸ ಡಾಕ್ಟರ ಮುಂದೆ ಹಳಬರನ್ನು ದೂರುವ ಅಗತ್ಯವಿಲ್ಲ. ಯಾವ ದಿನ ಏನು ಮಾಡಿದರು, ಆಮೇಲೆ ಏನಾಯಿತು ಎಂದಷ್ಟು ಹೇಳಿದರೆ ಸಾಕು. ಒಳ್ಳೆಯ ಡಾಕ್ಟರು ಪಿಖ್ಲರ್ ಹಾಗೆ ತಾವೇ ಕಳಿಸಿಕೊಡುತ್ತಾರೆ. ಯಾರಾದರೂ ಬೇಜಾರು ಮಾಡಿಕೊಂಡರೆ ಅದು ನಾಲ್ಕು ದಿನದ್ದು. ಬಾಯಿ ನಮ್ಮದು.