ಬಂಡೆದ್ದ ತಹಸೀಲ್ದಾರ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು ರಾಯಚೂರಿನಿಂದ ಬೇರ್ಪಟ್ಟು 1997ರಲ್ಲಿ ಪ್ರತ್ಯೇಕ ಜಿಲ್ಲೆಯಾದವು. ಆ ಜಿಲ್ಲೆಗೆ ಹೆಸರಿತ್ತ ಊರಿನ ಕೋಟೆಯಲ್ಲಿ 1858ರ ಜೂನ್ 1ರಂದು ಮಡಿದ ಮುಂಡರಗಿ ಭೀಮರಾಯರನ್ನು ನಾವು ಹುತಾತ್ಮರೆಂದು ಸ್ಮರಿಸುತ್ತೇವೆ. ಸರ್ಕಾರಿ ಸೇವೆಯಿಂದ ನಿವೃತ್ತನಾದ ನನಗೆ ಅವರ ಬದುಕಿನ ಇನ್ನೊಂದು ಸಂಗತಿಯೂ ಮುಖ್ಯವೆನಿಸುತ್ತದೆ. ಬಂಡೇಳುವ ಮುನ್ನ ಅವರು ಬಳ್ಳಾರಿ ಸೀಮೆಯಲ್ಲಿ ಕಂಪನಿ ಸರ್ಕಾರದ ತಹಸೀಲ್ದಾರರಾಗಿದ್ದರು. ಕಾಗದದ ಮೇಲಿನ ಆಜ್ಞೆ ಹಳ್ಳಿಯ ಅಂಗಳದಲ್ಲಿ ಯಾವ ರೂಪ ತಾಳುತ್ತದೆಂಬುದನ್ನು ಬಲ್ಲವರಾಗಿದ್ದರು.

1857ರ ನಿಶ್ಶಸ್ತ್ರೀಕರಣ ಕಾಯ್ದೆ ಅಂಥದೊಂದು ಆಜ್ಞೆ. ಅದನ್ನು ಧಿಕ್ಕರಿಸಿದ ಹಲಗಲಿಯ ಬೇಡರ ಊರು ಅದೇ ವರ್ಷ ಬೆಂಕಿಗೆ ಆಹುತಿಯಾಯಿತು. ಮರುವರ್ಷ ಮೇ ತಿಂಗಳಲ್ಲಿ, ಹಮ್ಮಿಗಿಯಲ್ಲಿ ಸಂಗ್ರಹಿಸಿಟ್ಟಿದ್ದ ಆಯುಧಗಳು ಅಧಿಕಾರಿಗಳ ವಶವಾದಾಗ ಭೀಮರಾಯರು ಬಹಿರಂಗವಾಗಿ ಬಂಡೆದ್ದರು. ಡಂಬಳದ ಖಜಾನೆಗೆ ಕೈಹಾಕಿ, ಹಮ್ಮಿಗಿಯ ಕೆಂಚನಗೌಡರೊಡನೆ ನಿಜಾಮ ಸೀಮೆಯ ಕೊಪ್ಪಳದ ಕೋಟೆಯನ್ನು ಹಿಡಿದರು.

ಟಿಪ್ಪು ಸುಲ್ತಾನ್ 1786ರಲ್ಲಿ ಪಡೆದು ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಬಲಪಡಿಸಿದ್ದ ಕೋಟೆಯದು. 1790–91ರಲ್ಲಿ ಇಂಗ್ಲಿಷರ ಹಾಗೂ ನಿಜಾಮನ ಸೇನೆಯನ್ನು ಅದು ಸುಮಾರು ಆರು ತಿಂಗಳು ತಡೆದಿತ್ತು. ಆದರೆ ಮೇಜರ್ ಹ್ಯೂಸ್‌ನ ಪಡೆಯೆದುರು ಅಷ್ಟು ಕಾಲ ನಿಲ್ಲುವಷ್ಟು ಜನಬಲವಾಗಲಿ ಸಿದ್ಧತೆಯಾಗಲಿ ಭೀಮರಾಯರಿಗಿರಲಿಲ್ಲ. ಅವರೂ ಕೆಂಚನಗೌಡರೂ ಹೋರಾಡುತ್ತಲೇ ಬಿದ್ದರು. ಸೆರೆಸಿಕ್ಕ ಸಂಗಡಿಗರಲ್ಲಿ ಅನೇಕರಿಗೆ ಮರಣದಂಡನೆಯಾಯಿತು.

ಇದೇ ಅವಧಿಯಲ್ಲಿ ಬಂದೂಕಿನ ಚರಿತ್ರೆಯೂ ಮಗ್ಗುಲು ಬದಲಿಸುತ್ತಿತ್ತು. ನುಣುಪು ನಳಿಗೆಯ ಹಳೆಯ ಬಂದೂಕನ್ನು ನೂರು ಗಜದಾಚೆ ನಂಬುವಂತಿರಲಿಲ್ಲ. ನಳಿಗೆಯೊಳಗೆ ಸುರುಳಿ ಗೀರುಗಳಿದ್ದ 1853ರ ಎನ್‌ಫೀಲ್ಡ್, ಗುಂಡನ್ನು ತಿರುಗಿಸುತ್ತ ಹಾರಿಸಿ ನೂರಾರು ಗಜ ದೂರಕ್ಕೆ ಗುರಿ ಮುಟ್ಟಿಸಿತು. 1857ರ ಪರೀಕ್ಷೆಗಳಲ್ಲಿ ಆರು ಮೂಲೆಯ ನಳಿಗೆಯ ವಿಟ್‌ವರ್ತ್ ರೈಫಲ್ ಅದನ್ನೂ ಮೀರಿಸಿತು. ಅಮೆರಿಕದ ಅಂತರ್ಯುದ್ಧದಲ್ಲಿ (1861–65) ದಕ್ಷಿಣದವರ ಗುರಿಕಾರರು ಬಳಸಿದ ಈ ರೈಫಲ್ಲನ್ನು ಇಂದಿನ ಸ್ನೈಪರ್ ರೈಫಲಿನ ಪೂರ್ವಜವೆಂದು ಗಣಿಸಲಾಗುತ್ತದೆ.

ಇಂಗ್ಲೆಂಡಿನಲ್ಲಿ ಬಂದೂಕಿನ ಗುರಿ ದೂರವಾಗುತ್ತಿದ್ದ ವರ್ಷವೇ ಇಲ್ಲಿ ಹಳ್ಳಿಗನ ಕೈಯ ಕತ್ತಿ, ಕೋವಿಗಳನ್ನು ಕಸಿಯಲಾಯಿತು. ಅರ್ಥಶಾಸ್ತ್ರ ಓದಿದವನು ಇದನ್ನು ಏಕಸ್ವಾಮ್ಯವೆನ್ನುತ್ತಾನೆ. 1878ರ ಆಯುಧ ಕಾಯ್ದೆ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಮನೆಮನೆಯಲ್ಲೂ ಬಂದೂಕಿರಲಿ ಎಂಬ ವಾದ ನನ್ನದಲ್ಲ. ಆಯುಧ ಒಪ್ಪಿಸಿದ ಪ್ರಜೆಗೆ ಪ್ರತಿಯಾಗಿ ರಕ್ಷಣೆ ದೊರೆಯಬೇಕು, ಅವನ ಅಹವಾಲಿಗೆ ಕಿವಿಯೂ ದೊರೆಯಬೇಕು. ಕಂಪನಿ ಸರ್ಕಾರ ಆಯುಧವನ್ನಷ್ಟೇ ಪಡೆಯಿತು. ಅದರ ಕಚೇರಿಯಲ್ಲೇ ಕುಳಿತು ಬಂದ ಭೀಮರಾಯರಿಗೆ ಈ ವಂಚನೆ ಉಳಿದವರಿಗಿಂತ ಸ್ಪಷ್ಟವಾಗಿ ಕಂಡಿರಬೇಕು.