ಜನರಲ್ ಕೆ.ಎಸ್. ತಿಮ್ಮಯ್ಯ (1906–1965): ಯುದ್ಧಕೈದಿಗಳ ಹೊಣೆ ಹೊತ್ತ ಸೇನಾನಿ

ಪಿಂಚಣಿ, ಗುರುತಿನ ಚೀಟಿ, ವಿದ್ಯಾರ್ಥಿವೇತನ ಮುಂತಾದ ಸೌಲಭ್ಯಗಳನ್ನು ಕೋರಿ ಈ ಜಾಲತಾಣಕ್ಕೆ ಭೇಟಿ ನೀಡುವ ಮಾಜಿ ಸೈನಿಕರು ಹಾಗೂ ಅವರ ಅವಲಂಬಿತರ ಮಾಹಿತಿಗಾಗಿ, ನಾಡಿನ ಹಿರಿಯ ಸೇನಾನಿಯೊಬ್ಬರ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು ದಿನಾಂಕ 31-03-1906 ರಂದು ಮಡಿಕೇರಿಯಲ್ಲಿ ಜನಿಸಿದರು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಡೆಹ್ರಾಡೂನ್ ಹಾಗೂ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ಶಿಕ್ಷಣ ಪಡೆದು 1926 ರಲ್ಲಿ ಸೇನಾಧಿಕಾರಿಯಾದರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅರಕಾನ್ ಪ್ರದೇಶದಲ್ಲಿ ಹೋರಾಡಿದರು. 1948 ರ ನವೆಂಬರ್‌ನಲ್ಲಿ ಅವರ ನೇತೃತ್ವದಲ್ಲಿ ಜೋಜಿ ಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿ ಲಡಾಖ್‌ನ ಮಾರ್ಗವನ್ನು ತೆರವುಗೊಳಿಸಿದ ಕಾರ್ಯಾಚರಣೆ ಸರ್ವವಿದಿತ. ಆದರೆ ಅವರ ಧೈರ್ಯಕ್ಕೆ ಇದಕ್ಕಿಂತಲೂ ಕಠಿಣ ಪರೀಕ್ಷೆ ಎದುರಾದದ್ದು, ಶತ್ರುವೇ ಇಲ್ಲದ ಕೊರಿಯಾದಲ್ಲಿ.

ಕೊರಿಯಾ ಯುದ್ಧದ ಕದನವಿರಾಮ ಒಪ್ಪಂದಕ್ಕೆ 27-07-1953 ರಂದು ಸಹಿಯಾಯಿತು. ಸ್ವದೇಶಕ್ಕೆ ಮರಳಲು ಒಪ್ಪದ ಯುದ್ಧಕೈದಿಗಳ ಪ್ರಶ್ನೆಯನ್ನು ಐದು ರಾಷ್ಟ್ರಗಳ ತಟಸ್ಥ ಆಯೋಗಕ್ಕೆ ವಹಿಸಲಾಯಿತು. ಭಾರತದ ಪರವಾಗಿ ತಿಮ್ಮಯ್ಯನವರು ಅದರ ಅಧ್ಯಕ್ಷರಾದರು. ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಚೀನೀ ಹಾಗೂ ಉತ್ತರ ಕೊರಿಯಾದ ಕೈದಿಗಳು, ಎದುರು ಪಕ್ಷದ 359 ಕೈದಿಗಳು ಭಾರತೀಯ ಪಡೆಯ ವಶಕ್ಕೆ ಬಂದರು. ದಕ್ಷಿಣ ಕೊರಿಯಾ ಸರ್ಕಾರವು ತನ್ನ ನೆಲದಲ್ಲಿ ಭಾರತೀಯರು ಕಾಲಿಡಕೂಡದೆಂದು ಹಟ ಹಿಡಿದುದರಿಂದ, ನಮ್ಮ ಸೈನಿಕರನ್ನು ಹಡಗುಗಳಿಂದ ಹೆಲಿಕಾಪ್ಟರ್ ಮೂಲಕವೇ ಸೇನಾರಹಿತ ವಲಯಕ್ಕೆ ಸಾಗಿಸಬೇಕಾಯಿತು.

ಶಿಬಿರಗಳ ಒಳಗೆ ಕೈದಿಗಳದೇ ನಾಯಕರಿದ್ದರು. ಮರಳಿ ಹೋಗಬಯಸಿದವರನ್ನು ಬೆದರಿಸಿದ, ಕೊಂದ ಪ್ರಕರಣಗಳೂ ನಡೆದವು. ಒಮ್ಮೆ ಮೇಜರ್ ಗ್ರೆವಾಲ್ ಎಂಬ ಭಾರತೀಯ ಅಧಿಕಾರಿಯನ್ನೇ ಕೈದಿಗಳು ಬೇಲಿಯೊಳಕ್ಕೆ ಎಳೆದೊಯ್ದರು. ಪಡೆಯ ದಂಡನಾಯಕ ಮೇಜರ್ ಜನರಲ್ ಥೋರಟ್ ಅವರು ಗುಂಡು ಹಾರಿಸಲು ಆದೇಶಿಸದೆ, ಕೆಲವೇ ಜನರೊಂದಿಗೆ ತಾವೇ ಒಳಹೊಕ್ಕು, ಮಾತುಕತೆಯಿಂದ ಅವರನ್ನು ಬಿಡಿಸಿ ತಂದರು. ಈ ಸಂಯಮ ಎಲ್ಲ ಸಂದರ್ಭದಲ್ಲಿಯೂ ಉಳಿಯಲಿಲ್ಲ ಎಂಬುದನ್ನೂ ಹೇಳಬೇಕು: ಅಕ್ಟೋಬರ್ ಮೊದಲ ದಿನಗಳಲ್ಲಿ ಕಾವಲು ಪಡೆಯ ಗುಂಡಿಗೆ ಕೆಲವು ಕೈದಿಗಳು ಬಲಿಯಾದರು.

ಪ್ರತಿಯೊಬ್ಬ ಕೈದಿಗೂ ಆತನ ದೇಶದ ಪ್ರತಿನಿಧಿಗಳು ಬಂದು ವಿಷಯ ವಿವರಿಸಲು 90 ದಿನಗಳ ಅವಕಾಶವಿತ್ತು. ಕೈದಿಗಳ ಬಹುಪಾಲು ಜನ ಹೊರಬರಲೇ ಒಪ್ಪಲಿಲ್ಲ. ಬಲಪ್ರಯೋಗದಿಂದಲಾದರೂ ಅವರನ್ನು ಕರೆತರಬೇಕೆಂದು ಪೋಲೆಂಡ್ ಮತ್ತು ಚೆಕೊಸ್ಲೊವಾಕಿಯಾ ಸದಸ್ಯರು ಒತ್ತಾಯಿಸಿದರು. ಸ್ವಿಟ್ಜರ್ಲೆಂಡ್ ಮತ್ತು ಸ್ವೀಡನ್ ಸದಸ್ಯರು ವಿರೋಧಿಸಿದರು. ನಿರ್ಧಾರ ಅಧ್ಯಕ್ಷರ ಮೇಲೆಯೇ ಬಿದ್ದಿತು. ನಿರಾಯುಧರ ಮೇಲೆ ಬಲ ಪ್ರಯೋಗಿಸಿದರೆ ನೂರಾರು ಜೀವಗಳು ಹೋಗುವುವೆಂಬುದನ್ನು ಮನಗಂಡ ತಿಮ್ಮಯ್ಯನವರು ಅದಕ್ಕೆ ಒಪ್ಪಲಿಲ್ಲ. ಅವಧಿ ಮುಗಿದಾಗ, ಕೈದಿಗಳನ್ನು ತಾವಾಗಿಯೇ ಬಿಡುಗಡೆಗೊಳಿಸುವ ಅಧಿಕಾರ ತಮಗಿಲ್ಲವೆಂದು ತಿಳಿಸಿ, 1954 ರ ಜನವರಿಯಲ್ಲಿ ಅವರನ್ನು ಮೊದಲು ವಶದಲ್ಲಿರಿಸಿಕೊಂಡಿದ್ದ ಪಕ್ಷಕ್ಕೇ ಹಿಂದಿರುಗಿಸಲು ಕ್ರಮ ಕೈಗೊಂಡರು. ಎರಡೂ ಬಣಗಳು ಅವರನ್ನು ದೂಷಿಸಿದವು. ಆ ಸನ್ನಿವೇಶದಲ್ಲಿ ಇದಕ್ಕಿಂತ ನ್ಯಾಯಯುತವಾದ ಮಾರ್ಗ ಇದ್ದಂತೆ ತೋರುವುದಿಲ್ಲ. ಅದೇ ವರ್ಷ ಭಾರತ ಸರ್ಕಾರವು ಅವರಿಗೆ ಪದ್ಮಭೂಷಣ ನೀಡಿ ಗೌರವಿಸಿತು.

1957 ರಿಂದ 1961 ರವರೆಗೆ ಅವರು ಭೂಸೇನೆಯ ಮುಖ್ಯಸ್ಥರಾಗಿದ್ದರು. ರಕ್ಷಣಾ ಸಚಿವರೊಂದಿಗಿನ ಭಿನ್ನಾಭಿಪ್ರಾಯದಿಂದ 1959 ರಲ್ಲಿ ರಾಜೀನಾಮೆ ಸಲ್ಲಿಸಿ, ಪ್ರಧಾನಮಂತ್ರಿಗಳ ಕೋರಿಕೆಯ ಮೇರೆಗೆ ಹಿಂಪಡೆದರು. ನಿವೃತ್ತಿಯ ನಂತರ 1964 ರಲ್ಲಿ ಸೈಪ್ರಸ್‌ನಲ್ಲಿನ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾದರು. ಅಲ್ಲಿಯೇ ಕರ್ತವ್ಯದಲ್ಲಿರುವಾಗ 18-12-1965 ರಂದು ನಿಧನ ಹೊಂದಿದರು. ಮರುವರ್ಷ ಸೈಪ್ರಸ್ ಸರ್ಕಾರವು ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು.

ಮಡಿಕೇರಿಯಲ್ಲಿರುವ ಅವರ ಮನೆ ‘ಸನ್ನಿ ಸೈಡ್’ನಲ್ಲಿ ಹಲವು ವರ್ಷಗಳ ಕಾಲ ಪ್ರಾದೇಶಿಕ ಸಾರಿಗೆ ಕಚೇರಿ ಕಾರ್ಯನಿರ್ವಹಿಸುತ್ತಿತ್ತು, ವಾಹನ ಚಾಲನಾ ಪರವಾನಗಿಗಾಗಿ ಅಲ್ಲಿ ಸಾಲಿನಲ್ಲಿ ನಿಂತವರು ಈ ಪುಟದ ಓದುಗರಲ್ಲಿಯೂ ಇರಬಹುದು. ಆ ಕಟ್ಟಡವನ್ನು ಜೀರ್ಣೋದ್ಧಾರಗೊಳಿಸಿ, 06-02-2021 ರಂದು ಅಂದಿನ ರಾಷ್ಟ್ರಪತಿಗಳು ಅದನ್ನು ಜನರಲ್ ತಿಮ್ಮಯ್ಯ ಸ್ಮಾರಕ ವಸ್ತುಸಂಗ್ರಹಾಲಯವಾಗಿ ಉದ್ಘಾಟಿಸಿದರು.